ಮೂರನೇ ಮಹಡಿಯ ಚೆಲ್ಲೋ

ಟೂರೆ ಸಂಡೆಲ್‌ನ ಮೇಜಿನ ಮೇಲೆ ಕಂಪ್ಯೂಟರಿಗೆ ಸಿಕ್ಕಿಸಿದ್ದ ಪುಟ್ಟ ಪೆಟ್ಟಿಗೆಗೆ ಎರಡು ಗುಂಡಿಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದನ್ನು ತಿರುಗಿಸಿದರೆ ಹೆಡ್‌ಫೋನಿನ ಸದ್ದು ಏರುತ್ತದೆ, ದೊಡ್ಡದನ್ನು ತಿರುಗಿಸಿದರೆ ಗೋಡೆಯ ಪಕ್ಕದ ಸ್ಪೀಕರುಗಳದ್ದು. ಪೆಟ್ಟಿಗೆಯ ಜೊತೆ ಬಂದ ಪುಸ್ತಕದ ನಾಲ್ಕನೇ ಪುಟದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿತ್ತು. ಟೂರೆ ಮೂರನೇ ಪುಟದವರೆಗೆ ಓದಿದ್ದ.

ಸ್ಪೀಕರುಗಳು ಬಂದದ್ದು ಹಿಂದಿನ ದಿನ ಸಂಜೆ. ಹೆಡ್‌ಫೋನ್ ಸಿಕ್ಕಿಸಿದ ಮೇಲೆ ಸ್ಪೀಕರು ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ಅವನ ನಂಬಿಕೆ. ಅವನ ಫೋನು ಹಾಗೇ ಮಾಡುತ್ತಿತ್ತು. ಆದ್ದರಿಂದ ಆ ಶನಿವಾರ ಬೆಳಗ್ಗೆ ಎಂಟೂವರೆಗೆ ಹೆಡ್‌ಫೋನ್ ಕಿವಿಗೇರಿಸಿ, ಸದ್ದು ಕಮ್ಮಿಯೆನಿಸಿ, ದೊಡ್ಡ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಏನೂ ಹೆಚ್ಚಾದಂತೆ ಕಾಣಲಿಲ್ಲ. ಚಳಿ ಮುಗಿದು ಏಪ್ರಿಲ್ ತಿಂಗಳ ಬಿಸಿಲು ಬಂದಿತ್ತೆಂದು ಕಿಟಕಿ ತೆರೆದಿಟ್ಟಿದ್ದ.

ಟೂರೆಗೆ ಐವತ್ತನಾಲ್ಕು ವರ್ಷ. ನಾರ್ಷೆಪಿಂಗ್ ನಗರಸಭೆಯಲ್ಲಿ ಕಾರು ನಿಲ್ಲಿಸುವ ಪರವಾನಗಿ ಕೊಡುವ ವಿಭಾಗದಲ್ಲಿ ಕೆಲಸ. ಶಾಲೆಯಲ್ಲಿದ್ದಾಗ ಹಾಡಿನ ಟೀಚರು ಅವನನ್ನು ಹಿಂದಿನ ಸಾಲಿಗೆ ಕಳಿಸಿ, ‘ನೀನು ತುಟಿ ಮಾತ್ರ ಆಡಿಸು’ ಎಂದಿದ್ದರು. ಅಂದಿನಿಂದ ಅವನ ಸಂಗೀತವೆಲ್ಲ ತಲೆಯೊಳಗೇ ನಡೆಯುತ್ತಿತ್ತು. ಆಫೀಸಿಗೆ ನಡೆದು ಹೋಗುವಾಗ ಒಂದು ರಾಗ ಹುಟ್ಟುತ್ತಿತ್ತು, ಬಾಗಿಲು ಬರುವ ಹೊತ್ತಿಗೆ ಆರಿಹೋಗುತ್ತಿತ್ತು. ಮೂರು ವಾರದ ಹಿಂದೆ ಧೈರ್ಯ ಮಾಡಿ, ಕಂಪ್ಯೂಟರಿಗೆ ಸಿಕ್ಕಿಸುವ ಇಪ್ಪತ್ತೈದು ಕೀಗಳ ಒಂದು ಚಿಕ್ಕ ವಾದ್ಯವನ್ನೂ, ಸಂಗೀತ ಕೂಡಿಸುವ ಒಂದು ತಂತ್ರಾಂಶವನ್ನೂ ತಂದುಕೊಂಡಿದ್ದ. ಜೊತೆಗೆ ಒಂದು ಚೆಲ್ಲೋ, ಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ದೊಡ್ಡ ಪಿಟೀಲು. ಮರದ್ದಲ್ಲ. ಯಾರೋ ನಿಜವಾದ ಚೆಲ್ಲೋದ ಒಂದೊಂದು ಸ್ವರವನ್ನೂ ಧ್ವನಿಮುದ್ರಿಸಿ ಕಂಪ್ಯೂಟರಿಗೆ ತುಂಬಿದ್ದರು. ಕೀ ಒತ್ತಿದರೆ ಆ ಸ್ವರ ಏಳುತ್ತಿತ್ತು.

ಮೊದಲ ವಾರ ಒತ್ತಿದ ಮೇಲೆ ಸ್ವರ ಅರೆಕ್ಷಣ ತಡೆದು ಬರುತ್ತಿತ್ತು, ಅವನ ವಿಭಾಗಕ್ಕೆ ಅರ್ಜಿ ಹಾಕಿದವರಿಗೆ ಉತ್ತರ ಬರುವ ಹಾಗೆ. ಎರಡನೇ ವಾರ ಅದನ್ನು ಸರಿಮಾಡುವುದು ಕಲಿತ. ಮೂರನೇ ವಾರ ಒಂದೇ ಬೆರಳಿನಲ್ಲಿ ಒತ್ತೊತ್ತಿ, ತಪ್ಪಿದ ಸ್ವರಗಳನ್ನು ಪರದೆಯ ಮೇಲೆ ಮೌಸಿನಿಂದ ಎಳೆದು ಜಾಗಕ್ಕೆ ಕೂರಿಸಿ, ಹದಿನಾರು ಆವರ್ತಗಳ ಒಂದು ರಾಗ ಕಟ್ಟಿದ. ಕೇಳಿದಾಗ ಅವನಿಗೇ ನಂಬಲಾಗಲಿಲ್ಲ. ತಲೆಯಲ್ಲಿ ಆರಿಹೋಗುತ್ತಿದ್ದದ್ದು ಹೊರಗೆ ಬಂದು ಉಸಿರಾಡುತ್ತಿತ್ತು.

ಒಂಬತ್ತಕ್ಕೆ ಅಂಗಳದಲ್ಲಿ ಹಾಜರಿರಬೇಕಿತ್ತು. ವರ್ಷಕ್ಕೆರಡು ಸಲ ಕಟ್ಟಡದವರೆಲ್ಲ ಸೇರಿ ಅಂಗಳ ಶುಚಿಮಾಡುವ ದಿನ ಅದು. ಇನ್ನೊಂದೇ ಸಲ ಕೇಳಿ ಹೋಗೋಣ ಎಂದುಕೊಂಡು ಒಂಬತ್ತೂಮುಕ್ಕಾಲರವರೆಗೂ ಕೇಳಿದ. ಹೆಡ್‌ಫೋನ್ ತೆಗೆದಾಗ ಬಾಗಿಲ ಗಂಟೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ರಾಗವೂ ಕೋಣೆ ತುಂಬ ಮೊಳಗುತ್ತಿತ್ತು. ಹೆಡ್‌ಫೋನ್ ಹಾಕಿದರೂ ಸ್ಪೀಕರು ಬಾಯಿ ಮುಚ್ಚಿರಲಿಲ್ಲ. ಸದ್ದು ನಿಲ್ಲಿಸಿ ಬಾಗಿಲು ತೆರೆದ.

ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ ಗುನ್‌ವೊರ್ ನಿಂತಿದ್ದಳು. ಎಪ್ಪತ್ತರ ಹೆಂಗಸು, ಕೈಯಲ್ಲಿ ಎಲೆ ಬಾಚುವ ಕೋಲು. ಎಲ್ಲರೂ ಸರದಿಯಲ್ಲಿ ಬಳಸುವ ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರದೊಳಗೆ ನೂಲಿನ ಜುಂಗು ಬಿಟ್ಟುಹೋದವರನ್ನು ಮೂರು ದಿನ ಹುಡುಕಿ ಹಿಡಿಯುವಂಥವಳು. ಟೂರೆ ಬೈಗುಳಕ್ಕೆ ಸಿದ್ಧನಾದ.

“ಹನ್ನೊಂದು ವರ್ಷ ಆಯ್ತು ನೀನು ಈ ಕಟ್ಟಡಕ್ಕೆ ಬಂದು,” ಎಂದಳು ಗುನ್‌ವೊರ್. “ಒಂದು ದಿನ ಬಾಯಿಬಿಡಲಿಲ್ಲವಲ್ಲ.”

“ಏನು ಬಾಯಿಬಿಡಬೇಕಿತ್ತು?”

“ಚೆಲ್ಲೋ ನುಡಿಸ್ತೀಯ ಅಂತ.” ಅವಳ ಕಣ್ಣು ಒದ್ದೆಯಾಗಿತ್ತು. “ಮುಕ್ಕಾಲು ಗಂಟೆಯಿಂದ ಕೆಳಗೆ ಒಬ್ಬರೂ ಕೆಲಸ ಮಾಡಿಲ್ಲ. ಎಲ್ಲರೂ ಕೋಲು ಊರಿಕೊಂಡು ನಿಂತಿದ್ದಾರೆ.”

“ಅದು ಹಾಗಲ್ಲ ಗುನ್‌ವೊರ್. ಕಂಪ್ಯೂಟರಲ್ಲಿ...”

“ಈಗೆಲ್ಲ ಕಂಪ್ಯೂಟರ್ ನೋಡಿಯೇ ಕಲೀತಾರೆ, ನನ್ನ ತಂಗಿ ಹೆಣಿಗೆ ಕಲಿತದ್ದೂ ಹಾಗೇ. ಬಾ, ಕಾಫಿ ಕುಡಿ. ಕೆಲಸ ಮಾತ್ರ ಮಾಡಬೇಡ. ಆ ಬೆರಳಿಗೆ ಮುಳ್ಳು ಗಿಳ್ಳು ಚುಚ್ಚಿದರೆ ಏನು ಗತಿ.”

ಟೂರೆಯ ಪಾಲಿಗೆ ಪ್ರತಿವರ್ಷ ಬೀಳುತ್ತಿದ್ದದ್ದು ಸೈಕಲ್ ಕೊಟ್ಟಿಗೆಯ ಹಿಂದಿನ ಮೋರಿ. ಚಳಿಗಾಲವಿಡೀ ಕೊಳೆತ ಎಲೆಯೆಲ್ಲ ಅದರಲ್ಲೇ ಕೂತಿರುತ್ತಿತ್ತು. ಹೇಳಬೇಕೆಂದಿದ್ದ ಮಾತು ಗಂಟಲಿಗೆ ಬಂದದ್ದು ಮೋರಿಯ ನೆನಪಾಗಿ ಹಿಂದಕ್ಕೆ ಹೋಯಿತು.

ಅಂಗಳದಲ್ಲಿ ಅವನು ಕಾಲಿಟ್ಟಾಗ ಜನ ದಾರಿ ಬಿಟ್ಟರು. ಹನ್ನೊಂದು ವರ್ಷದಲ್ಲಿ ಅವನ ಹೆಸರನ್ನು ಬಾಗಿಲ ಫಲಕದಲ್ಲಿ ಸರಿಯಾಗಿ ಬರೆಯದ ಕಟ್ಟಡ ಅದು. ಎದುರು ಮನೆಯ ಎನೆಸ್ ಓಡಿಬಂದು ಕುರ್ಚಿ ಹಾಕಿದ. ಎನೆಸ್ ಬೋಸ್ನಿಯಾದಿಂದ ಬಂದು ಮೂವತ್ತು ವರ್ಷವಾಗಿತ್ತು. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ.

“ಕೂತ್ಕೊಳ್ಳಿ ಮೇಷ್ಟ್ರೇ. ಬನ್ ತಗೊಳ್ಳಿ. ನಡುವಿನದು ತಗೊಳ್ಳಿ, ಅದರಲ್ಲಿ ದಾಲ್ಚಿನ್ನಿ ಜಾಸ್ತಿ.”

“ನಾನು ಶುರುಮಾಡಿ ಮೂರೇ ವಾರ ಆಗಿದ್ದು ಎನೆಸ್,” ಎಂದ ಟೂರೆ. ಅದು ಅಪ್ಪಟ ನಿಜ.

“ಮೂರು ವಾರವಂತೆ,” ಎಂದು ಎನೆಸ್ ಸುತ್ತಲಿನವರಿಗೆ ಹೇಳಿದ. ಎಲ್ಲರೂ ನಕ್ಕರು. ದೊಡ್ಡ ವಿದ್ವಾಂಸರು ಹೀಗೇ ಮಾತಾಡುವುದು ಎಂದು ಯಾರೋ ಅಂದರು.

ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಯಾಲ್ಮಾರ್ ಕನ್ನಡಕ ಒರೆಸಿಕೊಂಡ. ತನಗೆ ಗೊತ್ತಿಲ್ಲದ ವಿಷಯ ಎಂಬುದೊಂದು ಇದೆಯೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

“ವಾದ್ಯ ಇಟಲಿಯದ್ದು. ಇನ್ನೂರೈವತ್ತು ವರ್ಷಕ್ಕೆ ಕಡಿಮೆ ಇಲ್ಲ. ಆ ಮರ ಈಗ ಸಿಗಲ್ಲ, ಕಂಪನದಲ್ಲೇ ಗೊತ್ತಾಗುತ್ತೆ. ಹೌದೋ ಅಲ್ವೋ?”

“ಇತ್ತೀಚಿನದು,” ಎಂದ ಟೂರೆ.

“ನಿನಗೆ ಮಾರಿದವನು ಹಾಗೆ ಹೇಳಿದ್ದಾನೆ ಅಷ್ಟೆ. ಯಾರಿಗೂ ಹೇಳಬೇಡ, ಕಳ್ಳರ ಕಾಲ.” ಆಮೇಲೆ ದನಿ ತಗ್ಗಿಸಿ, “ಹಿಂದೆ ಈ ಸಿಗ್ನೆಯೂ ಮನೇಲಿ ಚೆಲ್ಲೋ ಕುಯ್ಯುತ್ತಿದ್ದಳು. ದಿನಾ ನಾಲ್ಕು ಗಂಟೆ, ಅದೇ ಸ್ವರ, ಮೇಲಕ್ಕೆ ಕೆಳಕ್ಕೆ. ಅದು ಸದ್ದು. ಇದು ಸಂಗೀತ.”

ಸಿಗ್ನೆ ಬರ್ಗ್‌ವಾಲ್ ಎರಡು ಹೆಜ್ಜೆ ದೂರದಲ್ಲೇ ಗುಲಾಬಿ ಗಿಡದ ಒಣಕಡ್ಡಿ ಕತ್ತರಿಸುತ್ತಿದ್ದಳು. ಟೂರೆಯ ಕೆಳಗಿನ ಮನೆಯವಳು, ಎಪ್ಪತ್ತೊಂದು ವರ್ಷ, ಮಾತು ಕಡಿಮೆ. ಯಾಲ್ಮಾರ್ ಅಂದದ್ದು ಕೇಳಿಸಿತೋ ಇಲ್ಲವೋ. ಕತ್ತರಿ ಜೇಬಿಗಿಟ್ಟು ಹತ್ತಿರ ಬಂದು ಟೂರೆಯ ಎಡಗೈಯನ್ನು ನೋಡಿದಳು.

“ಒಳ್ಳೆ ಮೃದುವಾದ ಬೆರಳು,” ಎಂದಳು. ಅಷ್ಟೇ ಹೇಳಿ ಹೋದಳು. ತಂತಿಯ ಜಡ್ಡಿಲ್ಲದ ಕೈಯನ್ನು ಟೂರೆ ಮೇಜಿನ ಕೆಳಗಿಟ್ಟುಕೊಂಡ.

ಅಷ್ಟರಲ್ಲಿ ಗುನ್‌ವೊರ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದಳು. “ಎರಡು ಗಂಟೆಗೆ, ಸಾಸೇಜ್ ಆದ ಮೇಲೆ, ಟೂರೆ ಇಲ್ಲಿ ನುಡಿಸ್ತಾನೆ.”

“ತಂತಿ ಹರಿದಿದೆ,” ಎಂದ ಟೂರೆ ತಟ್ಟನೆ.

“ಈಗಷ್ಟೇ ಕೇಳಿಸ್ತಿತ್ತಲ್ಲ,” ಎಂದ ಎನೆಸ್.

“ಆಮೇಲೆ ಹರೀತು.”

“ಅದಕ್ಯಾಕೆ ಯೋಚನೆ ಮೇಷ್ಟ್ರೇ. ವ್ಯಾನ್ ಇದೆ, ಪೇಟೆಗೆ ಹೋಗಿ ತರ್ತೀನಿ. ಯಾವ ತಂತಿ?”

ಚೆಲ್ಲೋಗೆ ಎಷ್ಟು ತಂತಿ ಎಂಬುದೂ ಟೂರೆಗೆ ಗೊತ್ತಿರಲಿಲ್ಲ. “ದಪ್ಪದ್ದು,” ಎಂದ.

ಎನೆಸ್ ಹೊರಟೇಬಿಟ್ಟ. ಟೂರೆ ಗುನ್‌ವೊರ್ ಕಡೆ ತಿರುಗಿ, ಜನರೆದುರು ಕೂತು ನುಡಿಸುವುದು ತನ್ನಿಂದ ಎಂದೂ ಆಗಿಲ್ಲ, ಆಗುವುದೂ ಇಲ್ಲ ಎಂದು ತೊದಲಿದ. ಇದೂ ನಿಜವೇ. ಗುನ್‌ವೊರ್ ಅವನ ಭುಜ ತಟ್ಟಿದಳು.

“ಸರಿ, ಮನೇಲೇ ಕೂತು ನುಡಿಸು. ಕಿಟಕಿ ತೆಗೆದಿಡು. ಬೆಳಗ್ಗೆ ಹೇಗೆ ಕೇಳಿದ್ವೋ ಹಾಗೇ ಕೇಳ್ತೀವಿ.”

ಟೂರೆಗೆ ಹೋದ ಜೀವ ಬಂದಂತಾಯಿತು. ಎರಡು ಗಂಟೆಗೆ ಕಂಪ್ಯೂಟರಿನ ಒಂದು ಗುಂಡಿ ಒತ್ತಿದರೆ ಮುಗಿಯಿತು. ಮೆಟ್ಟಿಲು ಹತ್ತುವಾಗ ಅವನಿಗೆ ಇನ್ನೊಂದು ಯೋಚನೆಯೂ ಬಂತು: ಇದರಲ್ಲಿ ಸುಳ್ಳೆಲ್ಲಿದೆ? ರಾಗ ನನ್ನದು. ಒಂದೊಂದು ಸ್ವರವನ್ನೂ ನಾನೇ ಆರಿಸಿದ್ದು. ಮನೆ ಕಟ್ಟಿದವನು ಇಟ್ಟಿಗೆಯನ್ನೂ ತಾನೇ ಸುಡಬೇಕೇ? ಎರಡನೇ ಮಹಡಿಗೆ ಬರುವಷ್ಟರಲ್ಲಿ ಈ ವಾದ ಅವನಿಗೆ ಪೂರ್ತಿ ಒಪ್ಪಿಗೆಯಾಗಿತ್ತು. ಮೂರನೆಯದಕ್ಕೆ ಬಂದಾಗ ಯಾಕೋ ಅಷ್ಟಾಗಿ ಅಲ್ಲ.

ಒಂದೂವರೆಗೆ ಎನೆಸ್ ಬಂದ. ಯಾವುದಕ್ಕೂ ಇರಲಿ ಎಂದು ನಾಲ್ಕೂ ತಂತಿ ತಂದಿದ್ದ. ಟೂರೆ ಬಾಗಿಲನ್ನು ಒಂದು ಗೇಣು ತೆರೆದು ಈಸಿಕೊಂಡ. ಎನೆಸ್ ಇಳಿದು ಹೋದ ಮೇಲೂ ಮೆಟ್ಟಿಲಲ್ಲಿ ಯಾರೋ ನಿಂತಿದ್ದರು. ಸಿಗ್ನೆ.

“ಆ ತಂತಿಯನ್ನ ಯಾವುದಕ್ಕೆ ಹಾಕ್ತೀರಿ, ನೋಡಬಹುದಾ?”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದಿದ್ದಿದ್ದರೆ ಟೂರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗೆ ಕರೆದು ಎಲ್ಲವನ್ನೂ ತೋರಿಸಿದ: ಕಂಪ್ಯೂಟರು, ಇಪ್ಪತ್ತೈದು ಕೀಗಳ ವಾದ್ಯ, ಪರದೆಯ ಮೇಲೆ ಸಾಲಾಗಿ ಕೂತ ಸ್ವರಗಳು. “ನಾನು ನುಡಿಸಿಲ್ಲ. ನನಗೆ ನುಡಿಸೋಕೆ ಬರಲ್ಲ. ಬೆಳಗ್ಗೆಯೇ ಹೇಳಬೇಕಿತ್ತು.”

ಸಿಗ್ನೆ ಕುರ್ಚಿ ಎಳೆದುಕೊಂಡು ಕೂತಳು. ಒಂದು ಕೀ ಒತ್ತಿ ಹಿಡಿದಳು. ಚೆಲ್ಲೋದ ಕೆಳಸ್ವರವೊಂದು ಎದ್ದು ನಿಧಾನವಾಗಿ ಕೋಣೆ ತುಂಬಿತು.

“ಇದು ಮಂಗಳವಾರ,” ಎಂದಳು.

“ಏನಂದ್ರಿ?”

“ಇದನ್ನ ನುಡಿಸಿದ್ದು ಮಂಗಳವಾರ. ಹಲ್ಲುನೋವಿತ್ತು.” ಪಕ್ಕದ ಕೀ ಒತ್ತಿದಳು. “ಇದೂ ಅವತ್ತಿನದೇ. ಊಟ ಆದ ಮೇಲೆ.”

ಟೂರೆ ಅವಳ ಮುಖ ನೋಡಿದ.

“ಹದಿಮೂರು ವರ್ಷದ ಹಿಂದೆ ಸ್ಟಾಕ್‌ಹೋಮಲ್ಲಿ ಒಂದು ಸಭಾಂಗಣ. ಮೂರು ವಾರ. ಒಂದೊಂದು ಸ್ವರವನ್ನ ಮೆತ್ತಗೆ, ಮಧ್ಯಮ, ಜೋರಾಗಿ. ಕಮಾನು ಮೇಲಕ್ಕೆ ಒಂದು ಸಲ, ಕೆಳಕ್ಕೆ ಒಂದು ಸಲ. ನಡುವೆ ಉಸಿರಾಡಬಾರದು, ಮೈಕಿಗೆ ಕೇಳುತ್ತೆ. ಒಂದು ಹಾಡು, ಒಂದು ಚರಣ ಕೂಡ ನುಡಿಸಲಿಲ್ಲ. ಯಾತಕ್ಕೆ ಅಂದ್ರೆ ಕಂಪ್ಯೂಟರಿಗೆ ಅಂದ್ರು. ಹೆಸರು ಎಲ್ಲೂ ಹಾಕಲಿಲ್ಲ. ಇದನ್ನ ಯಾರು ತಗೋತಾರೆ ಅಂದುಕೊಂಡು ನಾನೂ ಸುಮ್ಮನಾದೆ.” ಇನ್ನೊಂದು ಕೀ ಒತ್ತಿ ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದಳು. “ಸ್ವರ ಮುಗಿಯೋ ಹೊತ್ತಿಗೆ ಕೇಳಿ. ಕುರ್ಚಿ ಕಿರ್ ಅಂತು. ನಾನು ಕೂತಿದ್ದ ಕುರ್ಚಿ. ಇವತ್ತು ಬೆಳಗ್ಗೆ ಅಡಿಗೆಮನೆಯಲ್ಲಿ ನಿಂತಿದ್ದೆ. ನನ್ನ ಕೈ ನನಗೆ ಗೊತ್ತಿಲ್ಲದ ಹಾಡನ್ನ ನುಡಿಸ್ತಿತ್ತು.”

ಟೂರೆ ಪರದೆಯ ಮೇಲಿನ ಸ್ವರಗಳತ್ತ ತಿರುಗಿದ. ಮೂರು ವಾರದಿಂದ ಅವನು ಈ ಸ್ವರಗಳನ್ನು ಎಳೆದಿದ್ದ, ಕತ್ತರಿಸಿದ್ದ, ಅಲ್ಲಿಂದಿಲ್ಲಿಗೆ ಸರಿಸಿದ್ದ. ಅವುಗಳ ಹಿಂದೆ ಹಲ್ಲುನೋವಿನ ಒಬ್ಬ ಹೆಂಗಸು ಕೂತಿದ್ದಾಳೆ, ಅದೂ ತನ್ನ ಕಾಲಡಿಯ ಮನೆಯಲ್ಲಿ, ಎಂಬುದು ಅವನ ಊಹೆಗೆ ಬಂದಿರಲಿಲ್ಲ.

“ಹಾಡು ಯಾರದ್ದು?” ಎಂದು ಕೇಳಿದಳು ಸಿಗ್ನೆ.

“ನನ್ನದು.”

“ಏಳನೇ ಆವರ್ತ ಸರಿಯಿಲ್ಲ. ಅಷ್ಟುದ್ದ ಕಮಾನು ಯಾರ ಕೈಲೂ ಇರಲ್ಲ. ಉಳಿದದ್ದು ಚೆನ್ನಾಗಿದೆ.”

ಐವತ್ತನಾಲ್ಕು ವರ್ಷದಲ್ಲಿ ಯಾರೂ ಅವನಿಗೆ ಅಂಥ ಮಾತು ಹೇಳಿರಲಿಲ್ಲ. ಖುಷಿಯಲ್ಲಿ ಟೂರೆ, “ನೀವೇ ಒಂದು ಸಲ ನುಡಿಸಬಾರದಾ, ನಿಜವಾದ ಚೆಲ್ಲೋದಲ್ಲಿ?” ಎಂದುಬಿಟ್ಟ.

“ಚೆಲ್ಲೋ ಮಾರಿ ಹನ್ನೊಂದು ವರ್ಷ ಆಯ್ತು. ಬಾಗಿಲ ಸಂದಿಯಿಂದ ಕಾಗದ ಹಾಕಿದ್ರು, ಹೆಸರಿಲ್ಲದ ಕಾಗದ. ಸದ್ದು ಸಹಿಸೋಕಾಗಲ್ಲ ಅಂತ. ಆರ್ಕೆಸ್ಟ್ರಾದಿಂದ ನಿವೃತ್ತಿಯೂ ಆಗಿತ್ತು. ಸಾಕು ಅನ್ನಿಸ್ತು.” ಅವಳು ಎದ್ದಳು. “ಎರಡು ಗಂಟೆ ಆಗ್ತಾ ಬಂತು. ಗುಂಡಿ ಒತ್ತೋದಾದ್ರೆ ಒತ್ತಿ. ನಾನೇನೂ ಹೇಳಲ್ಲ.”

ಅವಳು ಹೋದ ಮೇಲೆ ಟೂರೆ ಇದ್ದಲ್ಲೇ ಕೂತ. ಹನ್ನೊಂದು ವರ್ಷದ ಹಿಂದೆ, ಈ ಮನೆಗೆ ಬಂದ ಮೊದಲ ತಿಂಗಳು. ಕೆಳಗಿನಿಂದ ಮೇಲಕ್ಕೆ ಕೆಳಕ್ಕೆ ಹರಿಯುವ ಸ್ವರ. ಹೋಗಿ ನೇರವಾಗಿ ಹೇಳಲು ಸಂಕೋಚ. ಒಂದು ಹಾಳೆ ತೆಗೆದು ಬರೆದಿದ್ದ. ಕೆಳಗಿನ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ, ಸಿಕ್ಕಿಬೀಳುವೆನೆಂಬ ಭಯದಲ್ಲಿ ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದ. ಮರುದಿನದಿಂದ ಸದ್ದಿರಲಿಲ್ಲ. ಒಂದೇ ಕಾಗದಕ್ಕೆ ಕೆಲಸವಾಯಿತಲ್ಲ ಎಂದು ತನ್ನ ಬರವಣಿಗೆಯ ಬಗ್ಗೆ ಹೆಮ್ಮೆಯೂ ಪಟ್ಟಿದ್ದ. ಆಮೇಲೆ ಮರೆತೇಹೋಗಿತ್ತು.

ಕೆಳಗಿನಿಂದ ಗುನ್‌ವೊರ್ ಕೂಗಿದಳು, “ಟೂರೆ, ನಾವು ಕೂತಾಯ್ತು.”

ಅವನು ಗುಂಡಿ ಒತ್ತಲಿಲ್ಲ. ಮಡಿಚುವ ಕಂಪ್ಯೂಟರನ್ನೂ ಆ ಪುಟ್ಟ ವಾದ್ಯವನ್ನೂ ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕಿಳಿದ. ಸಾಸೇಜಿನ ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲಿಟ್ಟು, ಎಲ್ಲರೂ ನೋಡುತ್ತಿರುವಂತೆ ಒಂದು ಬೆರಳಿನಿಂದ ಒಂದು ಕೀ ಒತ್ತಿದ. ಚೆಲ್ಲೋ ಕೇಳಿಸಿತು.

“ನನ್ನ ಹತ್ತಿರ ಇರೋದು ಇಷ್ಟೇ. ಚೆಲ್ಲೋ ಇಲ್ಲ. ಈ ಸ್ವರ ಎಲ್ಲ ಸಿಗ್ನೆಯವರದ್ದು. ಹದಿಮೂರು ವರ್ಷದ ಹಿಂದೆ ಧ್ವನಿಮುದ್ರಿಸಿದ್ದು.”

ಮೊದಲು ಚೇತರಿಸಿಕೊಂಡವನು ಯಾಲ್ಮಾರ್. “ಹಾಗಾದ್ರೆ ಆ ಇಟಲಿಯ ಮರ?”

“ಪ್ಲಾಸ್ಟಿಕ್,” ಎಂದ ಟೂರೆ.

“ನಾನು ಪೇಟೆ ಎಲ್ಲ ಸುತ್ತಿ ತಂತಿ ತಂದೆ,” ಎಂದ ಎನೆಸ್. ಅವನು ‘ಮೇಷ್ಟ್ರೇ’ ಅನ್ನಲಿಲ್ಲ.

ಹಾಡು ಯಾರದ್ದು ಎಂದು ಯಾರಾದರೂ ಕೇಳುತ್ತಾರೇನೋ ಎಂದು ಟೂರೆ ಕಾದ. ಯಾರೂ ಕೇಳಲಿಲ್ಲ. ಎಲ್ಲರೂ ಸಿಗ್ನೆಯ ಕಡೆ ತಿರುಗಿದ್ದರು. ಗುನ್‌ವೊರ್ ಹೋಗಿ ಅವಳೆರಡೂ ಕೈ ಹಿಡಿದುಕೊಂಡಳು.

“ಇಂಥ ಕೈ ಇಟ್ಟುಕೊಂಡು ಯಾಕೆ ನಿಲ್ಲಿಸಿಬಿಟ್ಟೆ ಸಿಗ್ನೆ?”

ಸಿಗ್ನೆ ಗುನ್‌ವೊರ್ ಕಡೆ ನೋಡಿದಳು. “ಕಾಗದ ಬಂದಿತ್ತು. ಸದ್ದು ಅಂತ.”

“ಕಾಗದವಾ?” ಎಂದಳು ಗುನ್‌ವೊರ್.

“ಹೆಸರಿಲ್ಲದ ಕಾಗದವಾ?” ಎಂದ ಯಾಲ್ಮಾರ್. “ಎಂಥ ಹೇಡಿಗಳಿರ್ತಾರೆ.”

ಎನೆಸ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತು ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಟೂರೆಗೆ ಆ ಮೌನ ತನ್ನನ್ನೇ ಕಾಯುತ್ತಿದೆ ಅನ್ನಿಸಿತು. ಒಂದು ನಿಜ ಹೇಳಿದ ಮೇಲೆ ಇನ್ನೊಂದು ಹೇಳುವುದು ಅಷ್ಟು ಕಷ್ಟವಲ್ಲ.

“ಆ ಕಾಗದ ಬರೆದವನು ನಾನು,” ಎಂದ.

ಅಂಗಳವೆಲ್ಲ ಒಟ್ಟಿಗೆ ಉಸಿರುಬಿಟ್ಟಂತಾಯಿತು. ಆಮೇಲೆ ಶುರುವಾಯಿತು. ಯಾಲ್ಮಾರ್ ಹತ್ತು ನಿಮಿಷ ಮಾತಾಡಿದ, ನಾಗರಿಕತೆ ಎಂದರೇನು ಎಂಬುದರಿಂದ ಹಿಡಿದು. ಒಬ್ಬ ಕಲಾವಿದೆಯ ಬಾಯಿ ಮುಚ್ಚಿಸಿ ಅವಳದೇ ದನಿಯನ್ನು ತನ್ನದೆಂದು ಮೆರೆಸಿದವನನ್ನು ತಾನು ಕಂಡಿದ್ದು ಇದೇ ಮೊದಲು ಎಂದ. ಎನೆಸ್ ತಲೆಯೆತ್ತಿ, “ನೇರ ಬಂದು ಹೇಳಬಹುದಿತ್ತಲ್ಲ, ಮನುಷ್ಯರು ಹಾಗೇ ತಾನೇ ಮಾಡೋದು?” ಎಂದ. ಗುನ್‌ವೊರ್ ತೀರ್ಪು ಕೊಟ್ಟಳು: ಟೂರೆಯ ಮನೆಯ ಸ್ಪೀಕರು ಇನ್ನು ಮೇಲೆ ಹತ್ತರಿಂದ ಹನ್ನೊಂದರವರೆಗೆ ಮಾತ್ರ, ಸೈಕಲ್ ಕೊಟ್ಟಿಗೆಯ ಮೋರಿ ಈ ವರ್ಷಕ್ಕಷ್ಟೇ ಅಲ್ಲ, ಇನ್ನು ಮುಂದಕ್ಕೂ ಅವನದೇ, ಮೋರಿಯ ಜೊತೆಗೆ ಕಸದ ಕೋಣೆಯೂ ಇರಲಿ. ಇದನ್ನು ಸಂಘದ ಪುಸ್ತಕದಲ್ಲಿ ಬರೆದುಕೊಂಡಳು.

ಮೂರು ಗಂಟೆಯ ಹೊತ್ತಿಗೆ ಟೂರೆ ಮೊಣಕಾಲೂರಿ, ಅಂಗಿಯ ತೋಳು ಮಡಿಸಿ, ಮೋರಿಯಿಂದ ಕಪ್ಪು ಎಲೆ ಬಾಚಿ ತೆಗೆಯುತ್ತಿದ್ದ. ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೂ ಎದೆಯೊಳಗೆ ಏನೋ ಹಗುರವಾಗಿತ್ತು. ಹನ್ನೊಂದು ವರ್ಷದ ಹಿಂದೆ ಮಾಡಿದ ಹಾನಿಗೆ ಇಷ್ಟಾದರೂ ಬೆಲೆ ಕೊಟ್ಟೆನಲ್ಲ ಎಂದುಕೊಳ್ಳುತ್ತಿರುವಾಗ ಪಕ್ಕದಲ್ಲಿ ಒಂದು ಕಾಫಿ ಲೋಟ ಬಂದು ಕೂತಿತು. ಸಿಗ್ನೆ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಳು.

“ನಿಮ್ಮ ಕಾಗದ ನೆನಪಿದೆ,” ಎಂದಳು. “ಮರ್ಯಾದೆಯಾಗಿತ್ತು. ದಯವಿಟ್ಟು ಅಂತ ಮೂರು ಸಲ ಬರೆದಿದ್ರಿ.”

“ನನ್ನಿಂದ ದೊಡ್ಡ ತಪ್ಪಾಯ್ತು ಸಿಗ್ನೆ. ನನ್ನಿಂದಾಗಿ ನೀವು ಚೆಲ್ಲೋ ಮಾರಬೇಕಾಯ್ತು.”

“ಪೂರ್ತಿ ಕೇಳಿ. ನಿಮ್ಮದು ಬಂದಾಗ ಚೆಲ್ಲೋ ಮಾರಿ ಮೂರು ದಿನ ಆಗಿತ್ತು.”

ಟೂರೆಯ ಕೈ ಮೋರಿಯಲ್ಲೇ ನಿಂತಿತು. ಅವನಿಗೆ ನೆನಪಾಯಿತು. ಕಾಗದ ಬರೆದವನು ಅದನ್ನು ಹಾಕಲು ಧೈರ್ಯ ಸಾಲದೆ ಕೋಟಿನ ಜೇಬಿನಲ್ಲಿಟ್ಟುಕೊಂಡು ಒಂದು ವಾರ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದ. ಬಂದ ರಾತ್ರಿಯೇ, ಕೆಳಗೆ ಸದ್ದಿದೆಯೋ ಇಲ್ಲವೋ ನೋಡದೆ, ಸಂದಿಯಲ್ಲಿ ತೂರಿಸಿದ್ದ.

“ಮತ್ತೆ ನೀವು ಹೇಳಿದ ಕಾಗದ?”

“ಒಟ್ಟು ನಾಲ್ಕು ಬಂದಿದ್ವು. ನಿಮ್ಮದು ನಾಲ್ಕನೇದು.”

ಟೂರೆ ಕೊಟ್ಟಿಗೆಯ ಮೂಲೆಯಿಂದ ಅಂಗಳದ ಕಡೆ ನೋಡಿದ. ಗುನ್‌ವೊರ್ ಬನ್ ಹಂಚುತ್ತಿದ್ದಳು. ಯಾಲ್ಮಾರ್ ಏನನ್ನೋ ವಿವರಿಸುತ್ತಿದ್ದ. ಎನೆಸ್ ಸಿಗ್ನೆಗೆಂದು ಮೇಜಿನ ತಲೆಭಾಗದಲ್ಲಿ ಕುರ್ಚಿ ಒರೆಸಿ ಇಡುತ್ತಿದ್ದ. ಮೂರು ಜನ.

“ಯಾರ್‍ಯಾರದು ಅಂತ ನಿಮಗೆ ಗೊತ್ತಿತ್ತಾ?”

“ಬಟ್ಟೆ ಒಗೆಯೋ ಕೋಣೆಯ ಗೋಡೆ ಮೇಲಿನ ಸರದಿ ಪಟ್ಟಿಯಲ್ಲಿ ಎಲ್ಲರ ಕೈಬರಹವೂ ಇದ್ದೇ ಇರುತ್ತಲ್ಲ.”

“ಮತ್ತೆ ಅವರು ನನ್ನನ್ನ ಅಷ್ಟು ಬೈಯುವಾಗ ಯಾಕೆ ಹೇಳಲಿಲ್ಲ?”

“ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀವು ಒಪ್ಪಿಕೊಂಡ್ರಿ.” ಸಿಗ್ನೆ ಅಂಗಳದ ಕಡೆ ನೋಡುತ್ತ ನಿಧಾನವಾಗಿ ಹೇಳಿದಳು. “ಹನ್ನೊಂದು ವರ್ಷ ಆ ಮೂವರೂ ಮೆಟ್ಟಿಲಲ್ಲಿ ನನ್ನ ಕಂಡರೆ ಮುಖ ತಿರುಗಿಸಿಕೊಂಡು ಹೋಗ್ತಿದ್ರು. ನಾನು ಮಾಡಿದ್ದೇನೂ ಇರಲಿಲ್ಲ, ಅವರಿಗೇ ನಾಚಿಕೆ. ನೀವು ಒಪ್ಪಿಕೊಂಡ ಮೇಲೆ ಅವರ ಮುಖ ನೋಡಿದ್ರಾ? ಗುನ್‌ವೊರ್ ನನ್ನ ಕೈ ಬಿಡಲೇ ಇಲ್ಲ. ಎನೆಸ್ ಆ ನಾಲ್ಕು ತಂತಿ ನನಗೇ ಕೊಟ್ಟ. ಯಾಲ್ಮಾರ್ ಎಲ್ಲರ ಹತ್ತಿರ ಚಂದಾ ಎತ್ತಿ ನನಗೊಂದು ಚೆಲ್ಲೋ ಕೊಡಿಸ್ತಾನಂತೆ. ಇಷ್ಟು ವರ್ಷ ಆದ್ಮೇಲೆ ನೆರೆಹೊರೆ ಸಿಕ್ಕಿದೆ. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ.”

“ನನ್ನ ಗತಿ?”

ಸಿಗ್ನೆ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. “ಯಾರಾದರೂ ಒಬ್ಬರು ಬರೆದಿರಲೇಬೇಕಲ್ಲ,” ಎಂದಳು ಕೊನೆಗೆ.

“ಸಿಗ್ನೆ,” ಎಂದು ಅಂಗಳದಿಂದ ಗುನ್‌ವೊರ್ ಕರೆದಳು, “ಅವನ ಹತ್ತಿರ ಏನು ಮಾತು ನಿನಗೆ? ಬಾ ಈ ಕಡೆ, ಬನ್ ತಣ್ಣಗಾಗುತ್ತೆ.”

ಸಿಗ್ನೆ ಹೋದಳು. ಯಾರೋ ಅವಳಿಗೆ ಶಾಲು ಹೊದಿಸಿದರು. ಟೂರೆ ಕಾಫಿ ಕುಡಿದ, ಸಕ್ಕರೆ ಹಾಕಿರಲಿಲ್ಲ. ಏಳನೇ ಆವರ್ತವನ್ನು ಎಲ್ಲಿ ಕತ್ತರಿಸಿದರೆ ಕಮಾನು ತಿರುಗಲು ಜಾಗವಾಗುತ್ತದೆ ಎಂದು ಯೋಚಿಸುತ್ತ ಮತ್ತೆ ಮೋರಿಗೆ ಕೈ ಹಾಕಿದ.